ಕೀಲಿಕೈ ಇಲ್ಲದ ಮೋಟಾರು

ರಂಗಂಪೇಟೆ, ಸುರಪುರ
೧೧ ಜೂನ್ ೧೯೫೦

ಹೈದರಾಬಾದಿನ ಗುಲ್‌ಮೊಹರ್ ಮೋಟಾರ್ ಹೌಸಿನ ಮ್ಯಾನೇಜರ್ ಸಾಹೇಬರಿಗೆ ದೇವಿಂದ್ರಪ್ಪನ ನಮಸ್ಕಾರಗಳು.

ಮತ್ತೆ ಆ ಚಹದ ಮಾತು. ನಿನ್ನೆಯ ಪತ್ರ ಟಪಾಲಿಗೆ ಹಾಕಿ ಮನೆಗೆ ಬಂದ ಮೇಲೆ ನೆನಪಾಯಿತು, ಕಪ್ಪಿನ ವಿಷಯ ಬರೆದೆ, ಬಸಿಯ ವಿಷಯ ಬಿಟ್ಟೆ. ನಾನು ನಿಮ್ಮ ಅಂಗಡಿಗೆ ಬಂದ ದಿನ ನನ್ನ ಎದುರು ಕೂತಿದ್ದ ಜಾಗೀರದಾರರಿಗೆ ಬಸಿಯ ಮೇಲೆ ಕಪ್ಪಿಟ್ಟು ಕೊಟ್ಟರು, ನನಗೆ ಬರೀ ಕಪ್ಪು. ನನ್ನ ಹೆಗಲ ಮೇಲೆ ಕಂಬಳಿ ಇತ್ತು, ನಿಜ. ನಾವು ಕಂಬಳಿಯ ಜನ. ಕುರಿ, ಉಣ್ಣೆಯಿಂದಲೇ ನಮ್ಮ ಮನೆ ನಿಂತದ್ದು. ಯುದ್ಧದ ಕಾಲದಲ್ಲಿ ಪಲ್ಟನ್ನು ಹೊದ್ದ ಕಂಬಳಿಗಳಲ್ಲಿ ನಮ್ಮವೂ ಇದ್ದವು. ಆದರೆ ನಾನೂ ಹೈದರಾಬಾದಿನಲ್ಲಿ ಎರಡು ವರ್ಷ ಕಾಲೇಜು ಓದಿದವನು. ಐ ಹ್ಯಾವ್ ದಿ ಆನರ್ ಟು... ಮುಂದಿನ ಶಬ್ದ ಬಾಯಿಗೆ ಬರುತ್ತಿಲ್ಲ. ಅರ್ಥ ಇಷ್ಟೇ: ದೊಡ್ಡ ಅಂಗಡಿಗೆ ಬಂದ ಗಿರಾಕಿಗೆ ಆ ಅಂಗಡಿಯ ದೊಡ್ಡಸ್ತಿಕೆ ಕಾಣಬೇಕು.

ಎರಡನೆಯದು, ಹಿಂದಿನ ಸೀಟಿನ ಬಣ್ಣ. ನೀವು ತೋರಿಸಿದ್ದು ದಾಳಿಂಬೆ ಬಣ್ಣ, ಬಂದದ್ದು ಇಟ್ಟಂಗಿ ಬಣ್ಣ. ಮೆತ್ತಗೇನೋ ಇದೆ. ಒಬ್ಬರು ಕಾಲು ಚಾಚಿ ಮಲಗುವಂತಿರಬೇಕು ಎಂದು ನಿಮ್ಮಲ್ಲಿ ಮತ್ತೆ ಮತ್ತೆ ಕೇಳಿದ್ದೆ. ಯಾಕೆಂದರೆ ಮಗಳು ರೇಣಮ್ಮ ಚೊಚ್ಚಲ ಹೆರಿಗೆಗೆ ನಮ್ಮಲ್ಲಿಗೆ ಬಂದಿದ್ದಾಳೆ. ಅವಳನ್ನು ಯಾದಗಿರಿಯ ದವಾಖಾನೆಗೆ ಒಯ್ಯುವುದಕ್ಕೆಂದೇ ಈ ಗಾಡಿ. ಅವಳ ತಾಯಿ ಮಾನಮ್ಮ ಎರಡನೇ ಹೆರಿಗೆಯಲ್ಲಿ ಎತ್ತಿನ ಗಾಡಿಯೊಳಗೆ, ಶಹಾಪುರ ಮುಟ್ಟುವ ಮೊದಲೇ... ಅದು ಇಲ್ಲಿ ಬೇಡ. ಬಣ್ಣದ ಮಾತು ಹೇಳುತ್ತಿದ್ದೆ. ಗಾದಿಯ ಬಟ್ಟೆ ಬದಲಿಸಿಕೊಡುವಿರೋ ಹೇಗೆ, ತಿಳಿಸಿರಿ.

ಕೊನೆಗೆ, ಕೀಲಿಕೈ ಇಲ್ಲ. ನಿಮ್ಮ ಡ್ರೈವರ್ ಮನ್ಸೂರಅಲಿ ಯಾದಗಿರಿ ಸ್ಟೇಷನ್ನಿನಿಂದ ಗಾಡಿ ಓಡಿಸಿಕೊಂಡು ಬಂದು ನಮ್ಮ ಅಂಗಳದ ಬೇವಿನ ಗಿಡದ ಕೆಳಗೆ ನಿಲ್ಲಿಸಿದ. ಕೀಲಿಕೈ ನನ್ನ ಕೈಗೇ ಕೊಟ್ಟ, ನಾನು ಪೂಜೆಯ ತಟ್ಟೆಯಲ್ಲಿಟ್ಟೆ. ಪೂಜೆಯಾಯಿತು, ಊಟವಾಯಿತು, ಅವನು ಬಸ್ಸು ಹತ್ತಿ ಹೋದ. ತಟ್ಟೆಯಲ್ಲಿ ನೋಡಿದರೆ ಕುಂಕುಮ ಉಂಟು, ಕೀಲಿಕೈ ಇಲ್ಲ. ಅವನೇ ಕೈತಪ್ಪಿ ಒಯ್ದಿರಬೇಕು. ಗಾಡಿಯ ಸ್ಟೇರಿಂಗೂ ಅದೇ ಕೀಲಿಯಿಂದ ಬಿಗಿದುಕೊಂಡಿದೆ. ಬೇಗ ಕಳಿಸಿರಿ.

ತಮ್ಮ,
ದೇವಿಂದ್ರಪ್ಪ

*

ಗುಲ್‌ಮೊಹರ್ ಮೋಟಾರ್ ಹೌಸ್, ಹೈದರಾಬಾದ್
೧೯ ಜೂನ್ ೧೯೫೦

ಮಾನ್ಯರೇ,

ತಮ್ಮ ಎರಡೂ ಪತ್ರಗಳು ತಲುಪಿದವು. ಮ್ಯಾನೇಜರ್ ಸಾಹೇಬರಿಗೆ ಕನ್ನಡ ಓದಲು ಬಾರದು. ನಾನು ಮೂಲತಃ ಶಹಾಪುರದವನು, ಆದ್ದರಿಂದ ಅವರ ಪರವಾಗಿ ಬರೆಯುತ್ತಿದ್ದೇನೆ.

ಚಹದ ವಿಷಯದಲ್ಲಿ ಆದ ಕೊರತೆಗೆ ಸಂಸ್ಥೆ ವಿಷಾದಿಸುತ್ತದೆ. ನವಾಬರಾಗಲಿ ರೈತರಾಗಲಿ, ನಮ್ಮ ಬಾಗಿಲು ದಾಟಿದವರೆಲ್ಲ ನಮಗೆ ಒಂದೇ. ಗಾದಿಯ ಬಣ್ಣ ದೀಪದ ಬೆಳಕಿನಲ್ಲಿ ಒಂದು ಥರ, ಬಿಸಿಲಿನಲ್ಲಿ ಒಂದು ಥರ ಕಾಣುವುದುಂಟು. ಆದರೂ ತಮ್ಮ ಸಮಾಧಾನಕ್ಕಾಗಿ ದಾಳಿಂಬೆ ಬಣ್ಣದ ಹೊದಿಕೆ ಕಳಿಸುವ ಏರ್ಪಾಟು ಮಾಡಲಾಗುವುದು.

ಕೀಲಿಕೈಯನ್ನು ತಮ್ಮ ಕೈಗೆ ಕೊಟ್ಟಿದ್ದಾಗಿ ಡ್ರೈವರ್ ವರದಿ ಮಾಡಿದ್ದಾನೆ. ತಾವೂ ಹಾಗೆಯೇ ಬರೆದಿದ್ದೀರಿ. ಮನೆಯಲ್ಲಿ ಇನ್ನೊಮ್ಮೆ ಹುಡುಕಿಸಬೇಕೆಂದು ವಿನಂತಿ.

ತಮ್ಮ ಸೇವೆಯಲ್ಲಿ,
ರಾಜಾಸಾಬ
ಗಿರಾಕಿಗಳ ವಿಭಾಗ

*

ರಂಗಂಪೇಟೆ
೨೬ ಜೂನ್ ೧೯೫೦

ರಾಜಾಸಾಬರೇ,

ಹುಡುಕಿಸಿದೆ. ಜೋಳ ತುಂಬಿದ ಹಗೇವು ಬಿಟ್ಟು ಎಲ್ಲ ಹುಡುಕಿಸಿದೆ. ಕೌದಿ ಕೊಡವಿಸಿದೆ, ಉಣ್ಣೆಯ ಗಂಟುಗಳನ್ನೆಲ್ಲ ಬಿಚ್ಚಿಸಿದೆ. ನಮ್ಮ ಅಕ್ಕ ಹಣಮಮ್ಮ, ಮನೆಯ ಯಜಮಾನಿಕೆ ಎಲ್ಲ ಅವಳದೇ, ಕಟ್ಟೆಯ ಮೇಲೆ ಕೂತು ನನ್ನ ನೋಡಿ ನಗುತ್ತಾಳೆ. "ತಮ್ಮಾ, ಗಾಡಿ ಎಲ್ಲಿ ಓಡಿ ಹೋಗ್ತದ? ಹೊಸಾ ದನ ಒಂದ್ ನಾಕ್ ದಿನ ಮನಿ ಹಿಡೀಬೇಕು. ಸುಮ್ನಿರು" ಅಂದಳು. ಇಂಥವರ ನಡುವೆ ನಾನು ಯಾರಿಗೆ ಹೇಳಲಿ?

ನಿಮ್ಮ ಪತ್ರದಲ್ಲಿ ಚಹ ಉಂಟು, ಗಾದಿ ಉಂಟು. ಮಗಳ ಮಾತು ಎಲ್ಲಿ? ನಾನೇ ಅದನ್ನು ಗಾದಿಯ ಕೆಳಗೆ ಹುದುಗಿಸಿ ಬರೆದಿದ್ದೆ ಅನ್ನಿಸುತ್ತದೆ. ನಮ್ಮಲ್ಲಿ ಬಸುರಿಯ ಸುದ್ದಿ ಊರ ಹೊರಗೆ ಬರೆಯುವುದಿಲ್ಲ, ದೃಷ್ಟಿಯಾಗುತ್ತದೆ. ಈಗ ಬಿಡಿಸಿ ಬರೆಯುತ್ತೇನೆ. ಸೂಲಗಿತ್ತಿ ಭೀಮಮ್ಮ ಮೊನ್ನೆ ಮುಟ್ಟಿ ನೋಡಿ, "ಅಣ್ಣಾರ, ಕೂಸು ಅಡ್ಡ ಅದರಿ. ನನ್ನ ಕೈಲಿ ಆಗೂದಲ್ರಿ, ಯಾದಗಿರಿ ಡಾಕ್ಟರಮ್ಮನ ಕಡಿಗೇ ಹೋಗ್ರಿ" ಅಂದಳು. ಅವಳು ಹೀಗೆ ಕೈಚೆಲ್ಲಿದ್ದನ್ನು ನಾನು ಹಿಂದೆ ಕಂಡಿಲ್ಲ. ಮಾನಮ್ಮನನ್ನು ಗಾಡಿಯಲ್ಲಿ ಹಾಕಿಕೊಂಡು ಹೋದಾಗ ಗಾಲಿ ಒಂದೊಂದು ಕಲ್ಲು ಹತ್ತಿಳಿದಾಗಲೂ ಅವಳು ನನ್ನ ಮೊಣಕೈ ಹಿಡಿಯುತ್ತಿದ್ದಳು. ಆಮೇಲೆ ಹಿಡಿಯುವುದನ್ನು ಬಿಟ್ಟಳು. ಗಾಡಿ ಹೊಡೆಯುವವನಿಗೆ ನಾನು ಹೇಳಲಿಲ್ಲ. ಹಾಗೇ ಶಹಾಪುರದ ತನಕ ಹೋದೆವು.

ಸರ್ಕಾರಿ ಬಸ್ಸು ಇದೆ. ದಿನಕ್ಕೊಮ್ಮೆ ಬರುತ್ತದೆ, ಮಳೆಯಾದರೆ ಅದೂ ಇಲ್ಲ. ನೋವು ಬಸ್ಸಿನ ಹೊತ್ತು ನೋಡಿ ಬರುವುದಿಲ್ಲ.

ರೇಣಮ್ಮ ಮಧ್ಯಾಹ್ನ ಹೋಗಿ ಆ ಹಿಂದಿನ ಸೀಟಿನಲ್ಲಿ ಮಲಗುತ್ತಾಳೆ. "ಅಪ್ಪಾ, ಕಣ್ಣ ಮುಚ್ಚಿದ್ರ ಯಾದಗಿರಿ ಬಂದಂಗೇ ಆಗ್ತದ ನೋಡು" ಅಂತ ನಗುತ್ತಾಳೆ. ನಿನ್ನೆ ಮುಂದಿನ ಸೀಟಿನಲ್ಲಿ ಕೋಳಿಯೊಂದು ಮೊಟ್ಟೆ ಇಟ್ಟಿತ್ತು. "ಅಪ್ಪಾ, ನಿನ್ನ ಮೋಟಾರದಾಗ ಮೊದಲ ಬಾಣಂತನ ಆತು" ಅಂದಳು. ನನಗೆ ನಗು ಬರಲಿಲ್ಲ.

ಅಕ್ಕನ ಮಗ ಬಾಲಪ್ಪ ಪಲ್ಟನ್ನಿನಲ್ಲಿ ಲಾರಿ ಓಡಿಸಿದವನು. "ಮಾವಾ, ಹೂಂ ಅನ್ರಿ, ಕೀಲಿ ಒಡದ್ ಬಿಡ್ತೀನಿ" ಅನ್ನುತ್ತಾನೆ. ನಿಮ್ಮ ಗ್ಯಾರಂಟಿ ಕಾಗದದಲ್ಲಿ ಕಂಪನಿಯವರಲ್ಲದೆ ಬೇರೆಯವರು ಕೈ ಹಾಕಕೂಡದು ಎಂದಿದೆ. ಒಡೆಯಲೋ ಬೇಡವೋ? ಒಂದೇ ಮಾತು ಬರೆಯಿರಿ. ಅರ್ಜೆಂಟ್.

ದೇವಿಂದ್ರಪ್ಪ

*

ಹೈದರಾಬಾದ್
೫ ಜುಲೈ ೧೯೫೦

ಮಾನ್ಯ ದೇವಿಂದ್ರಪ್ಪನವರಿಗೆ,

ತಮ್ಮ ಪತ್ರ ಓದಿ ಮನಸ್ಸಿಗೆ ನೋವಾಯಿತು. ಇದು ಸಂಸ್ಥೆಯ ಮಾತಲ್ಲ, ನನ್ನದು.

ಪ್ರತಿ ಗಾಡಿಗೂ ಎರಡು ಕೀಲಿಕೈ. ತಮ್ಮ ಗಾಡಿಯ ಇನ್ನೊಂದು ನಮ್ಮ ಅಂಗಡಿಯ ಬೀರುವಿನಲ್ಲಿದೆ. ಬೀರು ತೆಗೆಸುವುದಕ್ಕೆ ಸ್ವಲ್ಪ ತೊಡಕಿದೆ, ಬೇಗನೆ ನಿವಾರಣೆಯಾಗುವ ಭರವಸೆಯಿದೆ. ಸಿಕ್ಕ ದಿನವೇ ಸಂಸ್ಥೆಯ ಮಿಸ್ತ್ರಿಯ ಕೈಯಲ್ಲಿ ಕಳಿಸುತ್ತೇವೆ. ದಯವಿಟ್ಟು ಕೀಲಿ ಒಡೆಯಬೇಡಿ. ಒಡೆದರೆ ಗ್ಯಾರಂಟಿ ಹೋಗುತ್ತದೆ, ಒಳಗಿನ ತಂತಿಗಳೂ ಹಾಳಾಗಬಹುದು. ಇಷ್ಟು ಒಳ್ಳೆಯ ಗಾಡಿಯನ್ನು ಕೊಡಲಿಯಿಂದ ಬಿಚ್ಚಿದರೆಂದು ನಮ್ಮ ಮಾಲೀಕರು ಕೇಳಿದರೆ ಬಹಳ ನೊಂದುಕೊಳ್ಳುತ್ತಾರೆ.

ಡ್ರೈವರ್ ಮನ್ಸೂರಅಲಿ ಈಗ ನಮ್ಮಲ್ಲಿ ಕೆಲಸಕ್ಕಿಲ್ಲ. ವಿಚಾರಿಸುತ್ತಿದ್ದೇನೆ.

ಸಾದಾ ಕಾಗದದ ಮೇಲೆ ಬರೆದದ್ದಕ್ಕೆ ಕ್ಷಮೆಯಿರಲಿ.

ರಾಜಾಸಾಬ

*

ರಂಗಂಪೇಟೆ
೧೩ ಜುಲೈ ೧೯೫೦

ರಾಜಾಸಾಬರೇ,

ಮೊದಲು ಸಾದಾ ಕಾಗದ ಕಂಡು ಮೈ ಉರಿಯಿತು. ನವಾಬರಿಗೆ ಬಂಗಾರದ ಅಂಚಿನ ಕಾಗದ, ಕಂಬಳಿಯವನಿಗೆ ಸಾದಾ. ಬಸಿಯಿಲ್ಲದ ಕಪ್ಪಿನ ಹಾಗೆಯೇ. ಉತ್ತರ ಬರೆಯಬಾರದೆಂದು ಎರಡು ಹೊತ್ತು ಹಟ ಹಿಡಿದು ಕೂತಿದ್ದೆ. ಆದರೆ ಈಗ ಆ ಸಿಟ್ಟನ್ನು ಎಲ್ಲಿಡಲಿ? ತಪ್ಪು ನಿಮ್ಮ ಡ್ರೈವರನದಲ್ಲ.

ಇವತ್ತು ಬೆಳಿಗ್ಗೆ ಕಮ್ಮಾರ ಅಂಬ್ರಪ್ಪ ಅಂಗಳಕ್ಕೆ ಬಂದ. ಕೈಯಲ್ಲಿ ಒಂದು ಕೀಲಿಕೈ. ಗುಡಿಯ ಹೆಬ್ಬಾಗಿಲಿಗೆ ಹಾಕುವಂಥದ್ದು, ಮೊಳದಷ್ಟು ಉದ್ದ, ಕಾಯಿಸಿ ಬಡಿದು ಎಣ್ಣೆ ಹಚ್ಚಿ ತಂದಿದ್ದ.

"ಇದೇನೋ ಅಂಬ್ರಪ್ಪಾ?"

"ನಿಮ್ಮ ಮೋಟಾರದ್ದರಿ. ಅಕ್ಕಾರು ಹೇಳಿದ್ರಿ, ಮಾಡೀನ್ರಿ."

"ಇದು ಆ ತೂತಿನ್ಯಾಗ ಹೋಗ್ತದೇನು?"

ಅವನು ಬಗ್ಗಿ ನೋಡಿದ. "ತೂತು ಇಷ್ಟ್ ಸಣ್ಣದದ ಅಂತ ನನಗ ಯಾರೂ ಹೇಳಿಲ್ರಿ" ಅಂದ.

ಅಕ್ಕನನ್ನು ಕರೆದೆ. ಅವಳು ಮುಚ್ಚುಮರೆ ಏನೂ ಮಾಡಲಿಲ್ಲ. ಪೂಜೆಯಾದ ಮೇಲೆ ತಟ್ಟೆಯಲ್ಲಿದ್ದ ಕೀಲಿಕೈಯನ್ನು ತೆಂಗಿನಕಾಯಿ, ಕುಪ್ಪಸದ ಕಣದ ಜೊತೆ ಸೆರಗಿನಲ್ಲಿ ಹಿಡಿದು ಅವಳೇ ಮನ್ಸೂರಅಲಿಗೆ ಕೊಟ್ಟು ಕಳಿಸಿದ್ದಾಳೆ. ನೀವು ಶಹಾಪುರದವರು, ನಿಮಗೆ ಬಿಡಿಸಿ ಹೇಳಬೇಕಿಲ್ಲ. ಎತ್ತು ಮಾರಿದವನು ಹಗ್ಗ ಮಾರುವುದಿಲ್ಲ. ಕೊಂಡವರು ಹಳೆಯ ಹಗ್ಗ ತಿರುಗಿ ಕೊಟ್ಟು ತಮ್ಮ ಹಗ್ಗ ಹಾಕಿ ಕಟ್ಟಿಕೊಳ್ಳುತ್ತಾರೆ.

"ನಿನಗ ಬುದ್ಧಿ ಅದನೋ ಇಲ್ಲೋ?" ನಾನು ಕೂಗಾಡಿದೆ.

"ನನಗ ಬುದ್ಧಿ ಅದ, ನಿನಗ ಕಾಲೇಜ್ ಅದ" ಅಂದಳು ಅಕ್ಕ. "ಮಾರಿದವ್ರ ಹಗ್ಗ ಮನ್ಯಾಗ ಇಟ್ಕೊಂಡ್ರ ಅದು ಹಳೀ ಮನಿ ಕಡಿಗೇ ಮುಖ ಮಾಡ್ತದ. ನಮ್ಮ ಕೂಸಿನ್ನ ಹೊತ್ತೊಯ್ಯೋ ಗಾಡಿ ಅದು. ಅದು ನಡುದಾರ್ಯಾಗ ತಿರುಗಿ ಹೈದರಾಬಾದಿಗೆ ಹೊಂಟ್ರ ಏನ್ ಮಾಡ್ತಿ? ಆ ಡ್ರೈವರ್ ಸಾಬ್ಗ ಗೊತ್ತದ, ಕಣ್ಣಿಗೆ ಒತ್ತಿಕೊಂಡು ತಗೊಂಡ. ಶಾಣ್ಯಾ ಮನಸ್ಯಾ."

"ಇಷ್ಟು ದಿನ ನಾ ಹುಡುಕಾಕತ್ತಾಗ ಯಾಕ ಹೇಳ್ಲಿಲ್ಲ?"

"ನೀ ಹುಡುಕಿದ್ದು ನಮ್ಮ ಕೀಲಿಕೈ ಅಂತ ತಿಳ್ಕೊಂಡಿದ್ದೆ. ಅದಿನ್ನೂ ಅಂಬ್ರಪ್ಪನ ಕುಲುಮ್ಯಾಗ ಇತ್ತು."

ನನಗಿಂತ ಮೊದಲು ಅವಳಿಗೇ ಹೆದರಿಕೆ ಇತ್ತು ಅನ್ನಿಸಿತು. ರೇಣಮ್ಮನನ್ನು ಎದೆಯ ಮೇಲೆ ಹಾಕಿಕೊಂಡು ಬೆಳೆಸಿದವಳು ಅವಳು. ಈಗ ಅವಳೂ ಭೀಮಮ್ಮನೂ ಒಂದಾಗಿದ್ದಾರೆ. "ನೋವು ಬರೂಕಿನ್ನ ಮೊದಲ ಎತ್ತಿನ ಗಾಡ್ಯಾಗ ಸಾವಕಾಶ ಕರಕೊಂಡು ಹೋಗು, ಯಾದಗಿರ್ಯಾಗ ಒಂದು ಕೋಲಿ ಬಾಡಿಗಿ ಹಿಡಿ" ಅನ್ನುತ್ತಾರೆ. ನಾನು ಒಲ್ಲೆ ಅಂದೆ. ಮತ್ತೊಮ್ಮೆ ಆ ಗಾಡಿ, ಮತ್ತೊಮ್ಮೆ ಆ ದಾರಿ, ನನ್ನ ಕೈಲಾಗದು. ನಿಮ್ಮ ಮಿಸ್ತ್ರಿ ಬರುತ್ತಾನೆ, ಕಂಪನಿ ಮಾತು ಕೊಟ್ಟಿದೆ ಎಂದು ಹೇಳಿದ್ದೇನೆ.

ಮನ್ಸೂರಅಲಿಯನ್ನು ಹುಡುಕಿರಿ. ಬೀರು ತೆಗೆಸಿರಿ. ಗಾದಿಯ ಹೊದಿಕೆ ಬೇಡ. ಚಹದ ಮಾತನ್ನು ನಾನು ಆಡಲೇ ಇಲ್ಲ ಎಂದು ತಿಳಿಯಿರಿ. ಪ್ಲೀಸ್ ಎನ್ನುವುದಕ್ಕಿಂತ ದೊಡ್ಡ ಶಬ್ದ ಇಂಗ್ಲಿಷಿನಲ್ಲಿ ಒಂದು ಇತ್ತು, ಪಾಠದಲ್ಲಿ ಬಂದಿತ್ತು, ಮರೆತಿದ್ದೇನೆ. ಆ ಶಬ್ದ ಇಲ್ಲಿ ಬರೆದಿದ್ದೇನೆಂದು ಓದಿಕೊಳ್ಳಿರಿ.

ದೇವಿಂದ್ರಪ್ಪ

*

ಹೈದರಾಬಾದ್
೨೨ ಜುಲೈ ೧೯೫೦

ದೇವಿಂದ್ರಪ್ಪಣ್ಣನವರೇ,

ಇದನ್ನು ಓದಿದ ಕೂಡಲೇ ಎದ್ದು ಹೋಗಿ ಕೀಲಿ ಒಡೆಸಿರಿ. ಒಡೆದು ಗಾಡಿ ಹೊರಟರೆ ಸರಿ, ಹೊರಡದಿದ್ದರೆ ಎತ್ತಿನ ಗಾಡಿಯಾದರೂ ಸರಿ, ಮಗಳನ್ನು ಇವತ್ತೇ ಯಾದಗಿರಿಗೆ ಕರೆದೊಯ್ಯಿರಿ. ನಮ್ಮನ್ನು ಕಾಯಬೇಡಿ. ಕಾಯುವುದಕ್ಕೆ ಇಲ್ಲಿ ಯಾರೂ ಇಲ್ಲ.

ಅಂಗಡಿ ಮುಚ್ಚಿದೆ. ಮಾಲೀಕರು ಹೆಂಡತಿ ಮಕ್ಕಳೊಂದಿಗೆ ಕರಾಚಿಗೆ ಹೋದರು. ಮುಂಬಯಿಗೆ ಹೋಗಿ ಬರುತ್ತೇನೆ ಎಂದು ನನಗೆ ಹೇಳಿದ್ದರು. ಬಿಟ್ಟು ಹೋದವರ ಆಸ್ತಿ ಎಂದು ಸರ್ಕಾರದವರು ಬಾಗಿಲಿಗೆ ಮೊಹರು ಹಾಕಿದ್ದಾರೆ. ಬೀರು ಒಳಗೆ, ಕೀಲಿಕೈ ಬೀರುವಿನೊಳಗೆ. ಬಂಗಾರದ ಅಂಚಿನ ಕಾಗದವೂ ಒಳಗೇ ಇದೆ. ನಿಮ್ಮದೊಂದು ಕೀಲಿಕೈಗಾಗಿ ಅರ್ಜಿ ಕೊಟ್ಟೆ, ಹೋಗಿ ನಿಂತೆ. ಒಳಗಿನ ಸಾಮಾನಿನ ಎಣಿಕೆ ಮುಗಿಯುವವರೆಗೆ ಸೂಜಿಯೂ ಹೊರಗೆ ಬರುವುದಿಲ್ಲ ಎಂದರು. ಅವರದು ಕಾನೂನು, ಬೈದು ಫಲವಿಲ್ಲ.

ಮನ್ಸೂರಅಲಿ ಸಿಕ್ಕ, ನಾಂಪಲ್ಲಿಯಲ್ಲಿ ಜಟಕಾ ಹೊಡೆಯುತ್ತಾನೆ. ಅವನು ನಿಮ್ಮ ಸುರಪುರದ ಹತ್ತಿರದ ಕಕ್ಕೇರಾದವನು. "ಕೊಂಡವ್ರ ಮನಿ ಹೆಣ್ಣಮಗಳು ಹಗ್ಗ ತಿರುಗಿ ಕೊಟ್ರ ಒಲ್ಲೆ ಅನಬಾರದ್ರಿ, ಕಾಗದದ ಜೋಡಿ ಇನ್ನೊಂದು ಕೊಟ್ಟಿರ್ತಾರ ಅಂತ ತಿಳ್ಕೊಂಡೆ" ಅಂದ. ತಂದು ಬೀರುವಿನಲ್ಲಿ ಇನ್ನೊಂದರ ಪಕ್ಕದ ಮೊಳೆಗೇ ತೂಗುಹಾಕಿದ್ದಾನೆ. ಎರಡೂ ಅಲ್ಲೇ ಇವೆ.

ನಾನು ಯಾಕೆ ಸಂಸ್ಥೆಯ ಹೆಸರಲ್ಲಿ ಬರೆಯುತ್ತಿದ್ದೆ? ಗಿರಾಕಿಯ ಪತ್ರಕ್ಕೆ ಉತ್ತರ ಹೋಗದೆ ಇದ್ದದ್ದು ನಮ್ಮ ಅಂಗಡಿಯಲ್ಲಿ ಎಂದೂ ಇಲ್ಲ. ಟಪಾಲಿನವನು ನನ್ನ ಮನೆಗೆ ತಂದು ಕೊಡುತ್ತಾನೆ, ನಾನು ಉತ್ತರ ಬರೆಯುತ್ತೇನೆ. ಬರೆಯುತ್ತಿರುವಷ್ಟು ಹೊತ್ತು ಅಂಗಡಿ ತೆರೆದೇ ಇದೆ ಅನ್ನಿಸುತ್ತದೆ. ಆ ಅನ್ನಿಸಿಕೆಯಲ್ಲೇ ಒಡೆಯಬೇಡಿ ಎಂದು ನಿಮಗೆ ಬರೆದುಬಿಟ್ಟೆ. ಗ್ಯಾರಂಟಿ ಕಾಗದವನ್ನು ಒಲೆಗೆ ಹಾಕಿರಿ.

ಯಾದಗಿರಿಯಲ್ಲಿ ದವಾಖಾನೆಯ ಹಿಂದಿನ ಓಣಿಯಲ್ಲಿ ನಮ್ಮ ಚಿಕ್ಕಮ್ಮ ಶರೀಫಾಬೀ ಇದ್ದಾಳೆ. ಒಂದು ಕೋಲಿ ಖಾಲಿ ಇದೆ, ಅವಳಿಗೂ ಬರೆದಿದ್ದೇನೆ. ಹೊತ್ತುಗೊತ್ತು ನೋಡದೆ ಬಾಗಿಲು ಬಡಿಯಿರಿ.

ನಿಮ್ಮ,
ರಾಜಾಸಾಬ

*

ಯಾದಗಿರಿ, ದವಾಖಾನೆಯ ಪಡಸಾಲೆ
೩೧ ಜುಲೈ ೧೯೫೦

ರಾಜಾಸಾಬಣ್ಣಾ,

ಪತ್ರ ತಲುಪಿತು. ತಲುಪಿದ ದಿನವೇ ರೇಣಮ್ಮನಿಗೆ ನೋವು ಶುರುವಾಯಿತು. ಇವತ್ತೇ ಕರೆದೊಯ್ಯಿರಿ ಎಂದು ನೀವು ಬರೆದದ್ದನ್ನು ನಾನು ಜೋರಾಗಿ ಓದುತ್ತಿದ್ದಾಗಲೇ ಒಳಗಿನಿಂದ ಅವಳು ಅತ್ತೀ ಅಂತ ಕೂಗಿದಳು. ಮಳೆ ಹಿಡಿದಿತ್ತು, ಬಸ್ಸು ಶಹಾಪುರದಲ್ಲೇ ನಿಂತಿತ್ತು.

ಬಾಲಪ್ಪ ಕೀಲಿ ಒಡೆದ. ಸ್ಟೇರಿಂಗು ಬಿಡಿಸಿಕೊಂಡಿತು. ಆದರೆ ತಂತಿ ಜೋಡಿಸಿದಾಗ ಹೊಗೆ ಬಂದು ಎಲ್ಲ ಸುಟ್ಟವು, ಇಂಜಿನು ಒಮ್ಮೆಯೂ ಉಸಿರಾಡಲಿಲ್ಲ. ಅಕ್ಕ ಎತ್ತಿನ ಗಾಡಿಗೆ ಹುಲ್ಲು ಹಾಸಿಸುತ್ತಿದ್ದಳು. ನಾನು ಗಾಡಿಯ ನೊಗ ಹಿಡಿದು ನಿಂತೆ, ಹೂಡುವುದಕ್ಕೆ ಬಿಡಲಿಲ್ಲ. ಹುಚ್ಚನ ಹಾಗೆ ಕಂಡಿರಬೇಕು. ಆಗ ಬಾಲಪ್ಪ, "ಮಾವಾ, ಇಂಜಿನ್ ಸತ್ರೇನಾತು, ಮೋಟಾರಿನ ಗಾಲಿ ತಿರುಗ್ತಾವಲ್ಲ, ಸ್ಪ್ರಿಂಗ್ ಅದಾವಲ್ಲ. ಎತ್ತು ಇದಕ್ಕೇ ಹೂಡೋಣು" ಅಂದ. ಹೂಡಿದೆವು. ಎರಡು ಜೋಡಿ ಎತ್ತು ಮುಂದೆ, ಬಾಲಪ್ಪ ಸ್ಟೇರಿಂಗಿನಲ್ಲಿ, ಹಿಂದಿನ ಸೀಟಿನಲ್ಲಿ ಮಗಳು, ಅವಳ ತಲೆ ಅಕ್ಕನ ತೊಡೆಯ ಮೇಲೆ. ನಾನು ಬಾಗಿಲ ಪಕ್ಕ ಕೆಸರಿನಲ್ಲಿ ನಡೆದೆ. ಗಾಲಿ ಕಲ್ಲು ಹತ್ತಿದಾಗಲೆಲ್ಲ ಒಳಗೆ ನೋಡುತ್ತಿದ್ದೆ. ಗಾಡಿ ತೂಗಿದರೂ ಕುಲುಕಲಿಲ್ಲ. ಇದೊಂದು ಮಾತು ನಿಮ್ಮ ಕಂಪನಿಯ ಬಗ್ಗೆ ಸತ್ಯವಾಗಿ ಬರೆಯುತ್ತೇನೆ.

ಶಹಾಪುರದ ಬಜಾರಿನಲ್ಲಿ ಜನ ಕೂಡಿದರು. "ಏನ್ರಿ ಸಾಹುಕಾರ್ರ, ನಿಮ್ಮ ಮೋಟಾರ್ಗ ಹೊಟ್ಟು ಹಾಕ್ತೀರೋ ಹಿಂಡಿ ಹಾಕ್ತೀರೋ?" ಅಂತ ಒಬ್ಬ ಕೂಗಿದ, ಎಲ್ಲರೂ ನಕ್ಕರು. ಕೂಗಿದವನು ಹತ್ತಿರ ಬಂದು ಗಾಜಿನೊಳಗೆ ಬಗ್ಗಿ ನೋಡಿದ. ತಲೆಯ ರುಮಾಲು ತೆಗೆದ. ಹೋಗಿ ತನ್ನ ಎತ್ತು ಬಿಚ್ಚಿಕೊಂಡು ಬಂದು ನಮ್ಮ ದಣಿದ ಜೋಡಿಯ ಜಾಗದಲ್ಲಿ ಕಟ್ಟಿದ. ಹೆಸರು ಕೇಳುವುದಕ್ಕೂ ನನಗೆ ತೋಚಲಿಲ್ಲ. ಹಾಗೆಯೇ ರಾತ್ರಿಯಿಡೀ ಊರೂರಿಗೆ ಎತ್ತು ಬದಲಿಸುತ್ತ ಬಂದೆವು. ಭೀಮಾ ಹೊಳೆ ಕಾಣುವ ಹೊತ್ತಿಗೆ ರೇಣಮ್ಮ ಮಾತು ನಿಲ್ಲಿಸಿದ್ದಳು. ನಾನು ಕಿಟಕಿಯಲ್ಲಿ ಕೈ ಹಾಕಿ ಮೊಣಕೈ ಅವಳ ಕೈಗೆ ಸಿಗುವಂತೆ ಇಟ್ಟೆ. ಅವಳು ಹಿಡಿಯಲಿಲ್ಲ.

ನಿಮ್ಮ ಚಿಕ್ಕಮ್ಮ ಶರೀಫಾಬೀ ನಮ್ಮನ್ನು ಯಾರು ಎತ್ತ ಎಂದು ಕೇಳಲಿಲ್ಲ. ಚಪ್ಪಲಿ ಮೆಟ್ಟದೆ ಓಡಿ ಹೋಗಿ ಡಾಕ್ಟರಮ್ಮನನ್ನು ಊಟದಿಂದ ಎಬ್ಬಿಸಿ ಕರೆತಂದಳು. ಡಾಕ್ಟರಮ್ಮ ನೋಡಿ ಇಂಗ್ಲಿಷಿನಲ್ಲಿ ಏನೋ ಅಂದರು. ನನಗೆ ಒಂದೇ ಶಬ್ದ ತಿಳಿಯಿತು, ಲೇಟ್. ಉಳಿದ ಇಂಗ್ಲಿಷೆಲ್ಲ ಮರೆತು ಅದೊಂದೇ ಯಾಕೆ ನೆನಪಿನಲ್ಲಿ ಉಳಿಯಬೇಕಿತ್ತು?

ಕೂಸು ಅತ್ತದ್ದು ಕೇಳಿಸಿತು. ಹೆಣ್ಣು ಕೂಸು. ಅದಾಗಿ ಬಹಳ ಹೊತ್ತಾಯಿತು. ಒಳಗೆ ಇನ್ನೊಂದು ದನಿಗಾಗಿ ಕಾಯುತ್ತಿದ್ದೇನೆ, ಬರುತ್ತಿಲ್ಲ. ಗಂಡಸರು ಒಳಗೆ ಹೋಗುವಂತಿಲ್ಲ. ಮೈ ತಣ್ಣಗಾಗಿದೆ ಅಂತ ಅಕ್ಕ ಒಮ್ಮೆ ಬಂದು ನನ್ನ ಕಂಬಳಿ ಒಯ್ದಳು, ಮುಖ ಕೊಡಲಿಲ್ಲ. ಸುಮ್ಮನೆ ಕೂತಿರಲಾಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನೀವು ಮುಚ್ಚಿದ ಅಂಗಡಿಯ ಹೆಸರಲ್ಲಿ ಯಾಕೆ ಬರೆಯುತ್ತಿದ್ದಿರಿ ಎಂದು ಈಗ ನನಗೆ ಗೊತ್ತಾಗುತ್ತಿದೆ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಇದ್ದರೂ ಈಗ ಸಿಗುತ್ತಿಲ್ಲ.

ಅಕ್ಕ ಬಂದಳು.

ಬಾಗಿಲಲ್ಲಿ ನಿಂತಳು, ನಾನು ಏಳಲಿಲ್ಲ. "ತಮ್ಮಾ" ಅಂದಳು. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. "ಏಳು. ಆಕಿ ಕೇಳಾಕತ್ತಾಳ, ಅಪ್ಪನ ಮೋಟಾರಿಗೇನೂ ಆಗಿಲ್ಲಲ್ಲ ಅಂತ. ನನಗೇನ್ ತಿಳೀತದ? ನೀನೇ ಬಂದು ಹೇಳು."

ಏನು ಹೇಳಲಿ ರಾಜಾಸಾಬಣ್ಣಾ, ತಂತಿಯೆಲ್ಲ ಸುಟ್ಟಿವೆ ಎನ್ನಲೇ, ಬಾಗಿಲಿಗೆ ಎತ್ತಿನ ಕೋಡು ಬಡಿದು ತಗ್ಗು ಬಿದ್ದಿದೆ ಎನ್ನಲೇ. ಗಂಡಸರು ಹೋಗಬಾರದು ಎಂದರೆ ಡಾಕ್ಟರಮ್ಮ ಬೈದುಕೊಳ್ಳಲಿ. ಇನ್ನೂ ಏನೋ ಬರೆಯುವುದಿತ್ತು. ಹೊರಗೆ ಬೆಳಕು ಹೋಗುತ್ತಿದೆ, ನನ್ನ ಅಕ್ಷರ ನನಗೇ ಕಾಣಿಸುತ್ತಿಲ್ಲ